ಬಾಟಲಿಗೆ ಮರಳಿ ಸುರಿದದ್ದು

ಪೈಕ್ ಫಾಲ್ಸ್, ಮಿನ್ನೆಸೋಟ
ಜನವರಿ 16, 1983

ಪ್ರೀತಿಯ ಮಿಸ್ ಕೊಸ್ಕೆಲಾ,

ಫ್ಲೋರಿಡಾದ ಬಿಸಿಲು ನಿಮ್ಮ ಮಂಡಿಗಳಿಗೆ ಒಗ್ಗಿತೇ? ತಂಗಿಯ ಜೊತೆ ಜಗಳ ಶುರುವಾಯಿತೇ, ಇಲ್ಲ ಇನ್ನೂ ಮುಹೂರ್ತ ಕೂಡಿಬಂದಿಲ್ಲವೇ? ಇಲ್ಲಿ ಬಾಗಿಲಾಚೆ ಮೂಗಿಟ್ಟರೆ ಕಿತ್ತುಹೋಗುವಂಥ ಚಳಿ. ನೀವು ನಿವೃತ್ತರಾಗಿ ಅರ್ಧ ವರ್ಷವಾದರೂ ಮಕ್ಕಳು ನನ್ನ ಕ್ಲಾಸನ್ನು ಕೊಸ್ಕೆಲಾ ರೂಮು ಎಂದೇ ಕರೆಯುತ್ತಾರೆ. ನಾನೂ ಅದೇ ರೂಮಿನಲ್ಲಿ ನಿಮ್ಮಿಂದ ಬೈಸಿಕೊಂಡು ಕೆಮಿಸ್ಟ್ರಿ ಕಲಿತವನು, ಹಾಗಾಗಿ ಬೇಸರವಿಲ್ಲ.

ಒಂದು ಸಹಾಯ ಬೇಕು. ರಾಸಾಯನಿಕ ಕ್ರಿಯೆಯ ವೇಗದ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಬಿಸಿ ಹೆಚ್ಚಾದರೆ ಕ್ರಿಯೆ ಜೋರಾಗುತ್ತದೆ ಎಂಬುದು ಹೇಗೋ ತಲೆಗೆ ಹೋಯಿತು. ಎದೆಯುರಿಗೆ ನೀರಿನಲ್ಲಿ ಕರಗಿಸಿ ಕುಡಿಯುವ ಗುಳಿಗೆಯನ್ನು ಬಿಸಿನೀರಿಗೊಂದು, ಮಂಜು ಕರಗಿಸಿದ ನೀರಿಗೊಂದು ಹಾಕಿ ತೋರಿಸಿದೆ. ಆದರೆ ವೇಗವರ್ಧಕ ಎಂಬಲ್ಲಿಗೆ ಬಂದಾಗ ಗಾಡಿ ನಿಂತಿತು. ಮೊನ್ನೆ ಶುಕ್ರವಾರ ವೇಗವರ್ಧಕ ಎಂದರೇನು ಎಂದು ಕೇಳಿದರೆ ಹಿಂದಿನ ಬೆಂಚಿನ ಡಾರಿಲ್, "ಗಣಿಯ ಫೋರ್‌ಮನ್ನು ಸಾರ್. ತಾನು ಕಡ್ಡಿ ಅಲ್ಲಾಡ್ಸಲ್ಲ, ಎಲ್ಲರನ್ನೂ ಓಡಿಸ್ತಾನೆ" ಅಂದ. ಕ್ಲಾಸೆಲ್ಲ ಗೊಳ್ಳೆಂದಿತು. ಜನೆಲ್ ನೀಮಿ ಮಾತ್ರ ತಲೆಯೆತ್ತದೆ, "ಈಗ ಓಡಿಸೋಕೆ ಯಾರಿದ್ದಾರೆ?" ಅಂದಳು. ನಗು ಅಲ್ಲೇ ನಿಂತಿತು. ಗಣಿ ಮುಚ್ಚಿದ ಮೇಲೆ ಅರ್ಧ ಕ್ಲಾಸಿನ ಅಪ್ಪಂದಿರು ಮನೆಯಲ್ಲೇ ಇದ್ದಾರೆ, ನಿಮಗೆ ಗೊತ್ತಲ್ಲ.

ಜನೆಲ್ ನಿಮ್ಮ ಹಳೆಯ ವಿದ್ಯಾರ್ಥಿನಿ ಇರ್ಮಾಳ ಮಗಳು. ಕ್ಲಾಸು ಮುಗಿದ ಮೇಲೆ ಗಾಜಿನ ಸಾಮಾನು ತೊಳೆದಿಟ್ಟು, ಬೇಕಾದ್ದನ್ನು ಸ್ಟೋರ್ ರೂಮಿನಿಂದ ತಂದುಕೊಡುವ ಕೆಲಸ ಅವಳದೇ. ಔಷಧ ವಿಜ್ಞಾನ ಓದಬೇಕಂತೆ. ನನಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಾಳೆ. ಅವಳೊಬ್ಬಳಿಗಾದರೂ ಈ ಪಾಠವನ್ನು ನೆಟ್ಟಗೆ ಹೇಳಬೇಕೆಂದು ಆಸೆ.

ನಿಮ್ಮ
ವಾರನ್ ಝುಪಾನ್


ಲೇಕ್ ವರ್ತ್, ಫ್ಲೋರಿಡಾ
ಜನವರಿ 27, 1983

ವಾರನ್,

ಜಗಳ ಬಂದ ಮಾರನೆಯ ದಿನವೇ ಶುರುವಾಯಿತು. ತಂಗಿ ಸೈಮಾ ಕಾಫಿಯನ್ನು ಪಾತ್ರೆ ತೊಳೆದ ನೀರಿನ ಹಾಗೆ ಮಾಡುತ್ತಾಳೆ. ಇಲ್ಲಿ ಬೀದಿಗಿಬ್ಬರು ಫಿನ್ನಿಷ್ ಮುದುಕಿಯರಿದ್ದಾರೆ. ಎಲ್ಲರೂ ಚಳಿಯಿಂದ ತಪ್ಪಿಸಿಕೊಂಡು ಬಂದವರೇ, ಬಂದು ಸೌನಾ ಎಂಬ ಬಿಸಿ ಕೋಣೆ ಕಟ್ಟಿಸಿಕೊಂಡು ಬೆವರುತ್ತಾರೆ. ಬುದ್ಧಿ ಇಷ್ಟು.

ಡಾರಿಲ್‌ಗೆ ಹೇಳು, ಅವನ ಉತ್ತರ ಅರ್ಧ ಸರಿ. ಫೋರ್‌ಮನ್ ತಳ್ಳುತ್ತಾನೆ. ವೇಗವರ್ಧಕ ಯಾರನ್ನೂ ತಳ್ಳುವುದಿಲ್ಲ, ಸುಲಭದ ದಾರಿ ತೆರೆಯುತ್ತದೆ. ನಾನು ಜಿಮ್ನಾಷಿಯಮ್ಮಿನ ಕಥೆ ಹೇಳುತ್ತಿದ್ದೆ, ಮರೆತೆಯಾ? ಆಟ ನೋಡಲು ಬಂದವರು ಮುಂದಿನ ಕಡಿದಾದ ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಗಟ್ಟಿ ಕಾಲಿನವರು ಮಾತ್ರ ಹತ್ತುತ್ತಾರೆ. ಶಾಲೆಯ ಜವಾನ ಪಕ್ಕದ ಬಾಗಿಲು ತೆರೆದ ಎನ್ನು. ಅಜ್ಜಿಯರೂ ಒಳಗೆ ಹೋದರು. ಜನ ಅಷ್ಟೇ, ಜಾಗ ಅಷ್ಟೇ, ಹೊತ್ತು ಕಡಿಮೆ. ಜವಾನ ಯಾರ ಜೊತೆಗೂ ಒಳಗೆ ಹೋಗಿ ಕೂರಲಿಲ್ಲ, ಬಾಗಿಲಲ್ಲೇ ಇದ್ದಾನೆ, ಮುಂದೆ ಬರುವವರಿಗೂ ಅವನೇ.

ಎರಡು ದಿನದ ಪಾಠ ಮಾಡು. ಮೊದಲ ದಿನ ಗಾಢ ಪೆರಾಕ್ಸೈಡ್ ದ್ರಾವಣಕ್ಕೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡು. ಆಕ್ಸಿಜನ್ ನುಗ್ಗಿ ಹೊಗೆಯ ಹಾಗೆ ಹಬೆ ಏಳಲಿ, ಹುಡುಗರು ಕಿರುಚಲಿ. ಎರಡನೆಯ ದಿನ ಆ ಕಪ್ಪು ಪುಡಿಯನ್ನು ಸೋಸಿ, ಒಣಗಿಸಿ, ತೂಗಿಸು. ಹಾಕಿದಷ್ಟೇ ಇರುತ್ತದೆ. ಕಿರುಚಾಟ ಎಲ್ಲರಿಗೂ ನೆನಪಿರುತ್ತದೆ, ಪಾಠ ಇರುವುದು ತಕ್ಕಡಿಯಲ್ಲಿ. ಎರಡನೆಯ ದಿನವನ್ನು ಬಿಡಬೇಡ.

ಪೆರಾಕ್ಸೈಡ್ ಬಾಟಲಿ ಇರುವುದು ಒಂದೇ. ಶಾಲಾ ಮಂಡಳಿಯವರು ಇನ್ನೊಂದನ್ನು ಸದ್ಯಕ್ಕಂತೂ ತರಿಸುವುದಿಲ್ಲ. ಒಂದು ಹನಿಯೂ ಹಾಳಾಗದಂತೆ ನೋಡಿಕೋ.

ಐಲಿ ಕೊಸ್ಕೆಲಾ


ಪೈಕ್ ಫಾಲ್ಸ್
ಫೆಬ್ರವರಿ 13, 1983

ಪ್ರೀತಿಯ ಮಿಸ್ ಕೊಸ್ಕೆಲಾ,

ಗೆದ್ದೆ! ಶುಕ್ರವಾರ ಕೊನೆಯ ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಹಬೆ ಮಾಡಿನ ತನಕ ಹೋಯಿತು. ಡಾರಿಲ್, "ಸಾರ್, ಇನ್ನೊಂದ್ಸಲ, ಇನ್ನೊಂದೇ ಒಂದ್ಸಲ" ಎಂದು ಗೋಗರೆದ. ಆಮೇಲೆ ಹುಡುಗರ ಕೈಗೇ ಡ್ರಾಪರು ಕೊಟ್ಟು ಸಣ್ಣ ಕೊಳವೆಗಳಲ್ಲಿ ಮಾಡಿಸಿದೆ. ಜಿಮ್ನಾಷಿಯಮ್ಮಿನ ಕಥೆಯನ್ನೂ ಹೇಳಿದೆ, ನಿಮ್ಮಷ್ಟು ಚೆನ್ನಾಗಿ ಹೇಳಲು ಬರಲಿಲ್ಲ.

ಜನೆಲ್ ಕೊನೆಗೆ ಕೇಳಿದ ಪ್ರಶ್ನೆ ಕೇಳಿ: "ಸಾರ್, ಪುಡಿ ಖರ್ಚಾಗಲ್ಲ ಅಂದ್ರೆ, ಒಂದು ಕಣ ಸಾಕಾ? ಒಂದೇ ಕಣ ಎಲ್ಲಾನೂ ಮುಗಿಸುತ್ತಾ?" ಸೋಮವಾರ ತೂಗಿ ನೋಡೋಣ, ಉತ್ತರ ನೀನೇ ಹೇಳುವೆ ಎಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಸಂಜೆ ಸಾಮಾನೆಲ್ಲ ನಾನೇ ಎತ್ತಿಟ್ಟು ಅವಳನ್ನು ಬೇಗ ಮನೆಗೆ ಕಳಿಸಿದೆ. ನೀವು ಹೇಳಿದ ಹಾಗೆ ಒಂದು ಹನಿಯನ್ನೂ ಹಾಳು ಮಾಡಿಲ್ಲ.

ಈ ಊರಿನಲ್ಲಿ ಈಗ ಯಾರಿಗೂ ಯಾವುದರ ಮೇಲೂ ಆಸೆಯಿಲ್ಲ. ಅಂಥದರಲ್ಲಿ ಇಡೀ ಕ್ಲಾಸು ಸೋಮವಾರಕ್ಕಾಗಿ ಕಾಯುತ್ತಿದೆ.

ನಿಮ್ಮ
ವಾರನ್


ಲೇಕ್ ವರ್ತ್
ಫೆಬ್ರವರಿ 21, 1983

ವಾರನ್,

ನಿನ್ನ ಪತ್ರವನ್ನು ಸೈಮಾಗೆ ಓದಿ ಹೇಳಿದೆ. ಅವಳಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ನನ್ನ ಮುಖ ನೋಡಿ ಅವಳೂ ನಕ್ಕಳು. ಆ ಹುಡುಗಿಯನ್ನು ಬಿಡಬೇಡ. ಅವಳ ಅಮ್ಮನಿಗೂ ಇದೇ ತಲೆಯಿತ್ತು, ಮದುವೆ ಬೇಗ ಆಯಿತು. ಸೋಮವಾರದ ತೂಕ ಎಷ್ಟು ಬಂತು, ಜನೆಲ್ ಏನಂದಳು, ಬೇಗ ಬರೆ. ನಾನು ಅಂಚೆಯವನಿಗಾಗಿ ಬಾಗಿಲಲ್ಲಿ ನಿಲ್ಲುವಷ್ಟು ಮುದುಕಿಯಾಗಿದ್ದೇನೆ.

ಐಲಿ ಕೊಸ್ಕೆಲಾ


ಪೈಕ್ ಫಾಲ್ಸ್
ಮಾರ್ಚ್ 2, 1983

ಮಿಸ್ ಕೊಸ್ಕೆಲಾ,

ಬೇರೆ ಯಾರಿಂದಲಾದರೂ ಕೇಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಆ ಸೋಮವಾರ ಬೆಳಿಗ್ಗೆ ಅಪಘಾತವಾಯಿತು. ಸೋಸಿದ ಪುಡಿ ಮತ್ತೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಬೇಕಿದ್ದ ಪೆರಾಕ್ಸೈಡ್ ತರಲು ಜನೆಲ್ ಸ್ಟೋರ್ ರೂಮಿಗೆ ಹೋಗಿದ್ದಳು. ಬಾಟಲಿ ಕೈಜಾರಿ ಸಿಂಕಿನ ಅಂಚಿಗೆ ತಾಗಿ ಒಡೆಯಿತು. ಗಾಜು ಮತ್ತು ದ್ರಾವಣ ಮುಖಕ್ಕೆ ಸಿಡಿದವು. ಅವಳು ರಕ್ಷಣೆಯ ಕನ್ನಡಕ ಹಾಕಿರಲಿಲ್ಲ. ಡುಲುತ್ ನಗರದ ಆಸ್ಪತ್ರೆಯಲ್ಲಿದ್ದಾಳೆ. ಬಲಗಣ್ಣು ತೆಗೆದರು. ಎಡಗಣ್ಣಿನ ಬಗ್ಗೆ ಡಾಕ್ಟರು ಏನೂ ಹೇಳುತ್ತಿಲ್ಲ.

ಅವಳಿಗೆ ಆ ಗಳಿಗೆಯ ನೆನಪಿಲ್ಲ. ನೋಡಲು ಹೋಗಿದ್ದೆ. ಏನಾಯಿತು ಎಂದು ಕೇಳಿದಳು, ಹೇಳಿದೆ. ಯಾರಿಗಾದರೂ ಆಗಬಹುದಾದದ್ದು ಎಂದೂ ಹೇಳಿದೆ.

ಹೆಚ್ಚು ಬರೆಯಲು ಆಗುತ್ತಿಲ್ಲ.

ವಾರನ್


ಲೇಕ್ ವರ್ತ್
ಮಾರ್ಚ್ 9, 1983

ವಾರನ್,

ಪತ್ರವನ್ನು ಬಾಗಿಲಲ್ಲೇ ನಿಂತು ಓದಿದೆ. ಸೈಮಾ ಕುರ್ಚಿ ತಂದು ಕೂರಿಸಿದಳು. ಆ ಮಗು.

ನೀನು ನಿನ್ನನ್ನೇ ತಿಂದುಕೊಳ್ಳುತ್ತಿರುವೆ ಎಂದು ನಿನ್ನ ಮೋಟು ಮಾತುಗಳೇ ಹೇಳುತ್ತಿವೆ. ಬೇಡ. ಕನ್ನಡಕವಿಲ್ಲದೆ ಆ ರೂಮಿಗೆ ಕಾಲಿಡಬಾರದು ಎಂದು ನಾನಿದ್ದಾಗಿನಿಂದ ಬಾಗಿಲ ಮೇಲೇ ಬರೆದಿದೆ. ಹದಿನಾರರ ಮಕ್ಕಳಿಗೆ ಬಾಗಿಲ ಮೇಲಿನದು ಕಾಣುವುದಿಲ್ಲ, ಅದಕ್ಕೆ ನೀನೇನು ಮಾಡುತ್ತೀ? ಇರ್ಮಾಗೂ ಬರೆದಿದ್ದೇನೆ. ದುಃಖದಲ್ಲಿ ಅವಳು ನಿನ್ನ ಮೇಲೆ ಹರಿಹಾಯಬಾರದು ನೋಡು. ವಾರನ್ ನನ್ನ ಕೈಯಲ್ಲಿ ಕಲಿತವನು, ಎಚ್ಚರದ ಮನುಷ್ಯ, ಹುಡುಗಿ ಒಂದು ಗಳಿಗೆ ಮೈಮರೆತಳು, ಅವಳ ಮೇಲೆ ಸಿಟ್ಟಾಗಬೇಡ ಎಂದು ಬರೆದೆ.

ಒಂದು ಮಾತು ತಿಳಿಯಲಿಲ್ಲ. ಸಿಂಕಿನ ಅಂಚಿಗೆ ಬಡಿದು ಒಡೆದ ಬಾಟಲಿಯ ಗಾಜು ಕೆಳಗೆ ಬೀಳಬೇಕಲ್ಲ? ಮೇಲಕ್ಕೆ, ಮುಖಕ್ಕೆ ಹೇಗೆ ಬಂತು? ಮುದುಕಿಯ ಚಾಳಿ, ಕೇಳಿದೆ ಅಷ್ಟೇ.

ಐಲಿ


ಪೈಕ್ ಫಾಲ್ಸ್
ಮಾರ್ಚ್ 28, 1983

ಮಿಸ್ ಕೊಸ್ಕೆಲಾ,

ಶಾಲಾ ಮಂಡಳಿಯ ವಿಚಾರಣೆ ಮುಗಿಯಿತು. ವಿದ್ಯಾರ್ಥಿನಿಯ ಅಜಾಗರೂಕತೆ ಎಂದು ತೀರ್ಮಾನವಾಯಿತು. ನನ್ನ ಮೇಲೆ ಯಾವ ಮಾತೂ ಇಲ್ಲ. ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ತಪ್ಪು ಶಾಲೆಯದಲ್ಲ ಎಂದಾದ್ದರಿಂದ ನೀಮಿ ಕುಟುಂಬಕ್ಕೆ ವಿಮೆಯವರು ಏನೂ ಕೊಡುವುದಿಲ್ಲ. ಅದು ನನ್ನ ಕೈಯಲ್ಲಿಲ್ಲ.

ಎಡಗಣ್ಣೂ ಹೋಯಿತು. ಅವಳನ್ನು ಮನೆಗೆ ಕರೆತಂದಿದ್ದಾರೆ.

ಗಾಜು ಎಲ್ಲಿಗೆ ಹಾರಿತು ಎಂದು ಕೇಳಿದ್ದೀರಿ. ಗಾಜು ಎಲ್ಲ ಕಡೆಗೂ ಹಾರುತ್ತದೆ. ತಾಳೆಮರದ ಕೆಳಗೆ ಕೂತು ಲೆಕ್ಕ ಹಾಕುವುದು ಸುಲಭ. ಇಲ್ಲಿ ದಿನಾ ಆ ರೂಮಿನೊಳಗೆ ಹೋಗಿ, ಆ ಖಾಲಿ ಬೆಂಚಿನ ಮುಂದೆ ಪಾಠ ಮಾಡಬೇಕಾದವನು ನಾನು. ಆ ಅಧ್ಯಾಯವನ್ನು ಅಲ್ಲಿಗೇ ಬಿಟ್ಟೆ. ಮಕ್ಕಳೂ ಕೇಳಲಿಲ್ಲ.

ವಾರನ್ ಝುಪಾನ್


ಲೇಕ್ ವರ್ತ್
ಏಪ್ರಿಲ್ 7, 1983

ವಾರನ್,

ಇರ್ಮಾಳಿಂದ ಉತ್ತರ ಬಂದಿದೆ. ನನ್ನ ಒಳ್ಳೆಯ ಮಾತಿಗೆ ವಂದನೆ ಹೇಳಿದ್ದಾಳೆ. ಕೊನೆಯಲ್ಲಿ ಹೀಗೆ ಬರೆದಿದ್ದಾಳೆ: ಜನೆಲ್ ಒಂದು ಮಾತು ತಿಳಿಸಲು ಹೇಳಿದಳು, ಬಾಟಲಿ ಒಡೆದದ್ದಕ್ಕೆ ಕ್ಷಮಿಸಬೇಕಂತೆ, ಅದು ಒಂದೇ ಇತ್ತು ಎಂದು ಅವಳಿಗೆ ಗೊತ್ತಿತ್ತಂತೆ.

ಎರಡೂ ಕಣ್ಣು ಕಳೆದುಕೊಂಡ ಹುಡುಗಿ ನನ್ನಲ್ಲಿ ಬಾಟಲಿಗೆ ಕ್ಷಮೆ ಕೇಳುತ್ತಿದ್ದಾಳೆ. ಓದಿ ನಾನು ದೊಡ್ಡದಾಗಿ ಅತ್ತೆ. ಅತ್ತು ಮುಗಿದ ಮೇಲೆ ನನ್ನ ಕಸುಬು ನನ್ನನ್ನು ಬಿಡಲಿಲ್ಲ.

ಈಗ ನಾನು ಕೇಳುವುದಕ್ಕೆ ಸಿಟ್ಟು ಮಾಡದೆ ಉತ್ತರ ಕೊಡು. ಆ ಬಾಟಲಿಯ ಮುಚ್ಚಳಕ್ಕೆ ಗಾಳಿ ಹೋಗುವ ಸಣ್ಣ ತೂತಿರುತ್ತದೆ. ಆ ಸೋಮವಾರ ಇದ್ದ ಮುಚ್ಚಳಕ್ಕೆ ತೂತಿತ್ತೇ? ಶುಕ್ರವಾರ ಮಕ್ಕಳ ಕೈಗೆ ಡ್ರಾಪರು ಕೊಟ್ಟೆ ಎಂದೆ. ಉಳಿದ ಪೆರಾಕ್ಸೈಡನ್ನು ಏನು ಮಾಡಿದೆ? ಸಿಂಕಿಗೆ ಚೆಲ್ಲಿದೆಯಾ, ಇಲ್ಲ ಬಾಟಲಿಗೆ ಮರಳಿ ಸುರಿದೆಯಾ?

ಹೊರಗೆ ತೆಗೆದದ್ದು ಮತ್ತೆ ಬಾಟಲಿಗೆ ಹೋಗಬಾರದು. ಮೊದಲ ವರ್ಷದ ಮೊದಲ ದಿನ ನಿನಗೆ ಅದನ್ನು ಹೇಳಿದವಳು ನಾನೇ. ಒಂದು ಹನಿಯೂ ಹಾಳಾಗದಿರಲಿ ಎಂದು ಬರೆದವಳೂ ನಾನೇ. ಅದರ ಭಾರವನ್ನು ನಾನು ಹೊರುತ್ತೇನೆ, ಅದರ ಹಿಂದೆ ನೀನು ಅಡಗಬೇಡ. ತಪ್ಪು ಯಾರಿಂದಲೂ ಆಗುತ್ತದೆ. ಆಮೇಲೆ ನೀನು ಮಾಡಿದ್ದು ತಪ್ಪಲ್ಲ, ಮೋಸ. ಆ ಮಗು ಹಾಸಿಗೆಯಲ್ಲಿ ಮಲಗಿ ಕೇಳಿದಾಗ ನೀನು ಅವಳ ಕೈಗೇ ಅಪರಾಧ ಕೊಟ್ಟು ಬಂದೆ.

ಇರ್ಮಾಗೆ ನಾನೇ ಬರೆಯಬಹುದಿತ್ತು. ಆದರೆ ನಾನು ದೂರದಿಂದ ಊಹಿಸಿದವಳು, ನೀನು ಕಂಡವನು. ಹೋಗಿ ಹೇಳು. ಮೊದಲು ಹುಡುಗಿಗೆ, ಆಮೇಲೆ ಯಾರಿಗೆ ಬೇಕಾದರೂ.

ಐಲಿ ಕೊಸ್ಕೆಲಾ


ಲೇಕ್ ವರ್ತ್
ಏಪ್ರಿಲ್ 30, 1983

ವಾರನ್,

ನಿನ್ನಿಂದ ಮಾತಿಲ್ಲ. ಜೂನ್ ಮೊದಲ ವಾರ ನಾನು ಅಲ್ಲಿಗೆ ಬರುತ್ತಿದ್ದೇನೆ. ಅಷ್ಟರಲ್ಲಿ ನೀನು ಹೇಳಿರದಿದ್ದರೆ ನಾನು ಹೇಳುತ್ತೇನೆ.

ಐಲಿ ಕೊಸ್ಕೆಲಾ


ಪೈಕ್ ಫಾಲ್ಸ್
ಮೇ 22, 1983

ಮಿಸ್ ಕೊಸ್ಕೆಲಾ ಅವರಿಗೆ,

ನಿಮ್ಮ ಎರಡೂ ಪತ್ರಗಳು ಬಂದಿದ್ದವು. ಮುಚ್ಚಳಕ್ಕೆ ತೂತಿರಲಿಲ್ಲ.

ಶುಕ್ರವಾರ ದೊಡ್ಡ ಬೀಕರಿಗೆ ಅಳತೆಯಿಲ್ಲದೆ ಸುರಿದುಕೊಂಡಿದ್ದೆ. ಮಕ್ಕಳ ಡ್ರಾಪರುಗಳು ಕಪ್ಪು ಪುಡಿಯ ತಟ್ಟೆಗೂ ಬೀಕರಿಗೂ ಓಡಾಡಿದವು. ಸಂಜೆ ನೋಡಿದರೆ ಅರ್ಧ ಬೀಕರು ಉಳಿದಿತ್ತು, ನೀರಿನಷ್ಟು ತಿಳಿಯಾಗಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ, ಬಾಟಲಿಗೆ ಸುರಿದೆ. ಹಳೆಯ ಮುಚ್ಚಳ ಬಿರುಕು ಬಿಟ್ಟಿತ್ತು. ಆ್ಯಸಿಡ್ ಬಾಟಲಿಯದೊಂದು ಸರಿಯಾಗಿ ಕೂತಿತು. ಬಿಗಿಯಾಗಿ ತಿರುಗಿಸಿದೆ. ರೂಮು ಬಿಸಿ ಮಾಡುವ ಉಗಿ ಕೊಳವೆಯ ಪಕ್ಕದ ಕಪಾಟಿನಲ್ಲಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಮನೆಗೆ ಹೋದೆ.

ಸೋಮವಾರ ಅವಳು ಒಳಗೆ ಹೋದಾಗ ಬಾಟಲಿ ಬಿದ್ದ ಸದ್ದು ಕೇಳಲಿಲ್ಲ. ಸಿಡಿದ ಸದ್ದೊಂದೇ. ನಾನು ಬಾಗಿಲು ಮುಟ್ಟುವ ಮೊದಲೇ ನನಗೆ ಎಲ್ಲ ಗೊತ್ತಾಗಿತ್ತು. ಆಂಬುಲೆನ್ಸು ಹೋದ ಮೇಲೆ ಪ್ರಿನ್ಸಿಪಾಲರು ನನ್ನ ಭುಜ ಹಿಡಿದು, "ವಾರನ್, ಹುಡುಗಿ ಕನ್ನಡಕ ಹಾಕಿರ್ಲಿಲ್ಲ. ಕೈ ಜಾರಿರ್ಬೇಕು, ಅಲ್ವಾ? ಸಿಂಕು ಅಲ್ಲೇ ಇದೆ, ತಾಗಿರುತ್ತೆ" ಅಂದರು. ಅವರು ಕೇಳಿದ್ದು ಪ್ರಶ್ನೆ. ಇಲ್ಲ ಎನ್ನಬಹುದಿತ್ತು. ಹೌದು ಅಂದೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ. ಈ ಊರಿನಲ್ಲಿ ಕೆಲಸವಿರುವ ಕೆಲವರಲ್ಲಿ ನಾನೊಬ್ಬ, ಅದು ಹೋಗುತ್ತದೆಂದು ಹೆದರಿದೆ.

ಮೊನ್ನೆ ಗುರುವಾರ ನೀಮಿಯವರ ಮನೆಗೆ ಹೋದೆ. ಅವಳ ಅಪ್ಪ ಆರ್ವೋ ಬಾಗಿಲು ತೆರೆದು ಪಕ್ಕಕ್ಕೆ ನಿಂತರು. ಇರ್ಮಾ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದರು. ಜನೆಲ್ ಅಡುಗೆಮನೆಯ ಮೇಜಿನ ಬಳಿ ಕೂತಿದ್ದಳು. ನನ್ನ ದನಿ ಕೇಳಿ ಕೂದಲು ಸರಿಮಾಡಿಕೊಂಡಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ಅವಳು ನಕ್ಕಳು, ಮಿಸ್ ಕೊಸ್ಕೆಲಾ. ನನ್ನನ್ನು ಸಮಾಧಾನ ಮಾಡುವ ನಗು.

"ನೀವು ಯಾಕೆ ನಿಮ್ಮ ತಲೆ ಮೇಲೆ ಹಾಕ್ಕೋತೀರಿ ಸಾರ್? ನನಗೆ ಬೇಜಾರಾಗ್ಬಾರ್ದು ಅಂತ ತಾನೆ? ಕೈ ಜಾರಿದ್ದು ನನಗೀಗ ನೆನಪಿದೆ. ಸಿಂಕಿಗೆ ಠಣ್ ಅಂತು. ಕೇಳಿಸ್ತು ನನಗೆ."

ಆ ಸದ್ದು ಆಗಲೇ ಇಲ್ಲ. ಅದನ್ನು ಅವಳ ತಲೆಯೊಳಗೆ ಇಟ್ಟವನು ನಾನು. ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. "ಅಷ್ಟು ದಪ್ಪ ಗಾಜು ಸುಮ್ಮನೆ ಕೂತಲ್ಲೇ ಹೇಗೆ ಒಡೆಯುತ್ತೆ? ಯಾರಾದ್ರೂ ಬೀಳಿಸ್ಲೇಬೇಕು" ಅಂದಳು. ಇರ್ಮಾ, "ಸಾಕು ವಾರನ್, ಅವಳನ್ನ ಗೋಳು ಹುಯ್ಕೋಬೇಡ" ಅಂದರು. ಅವರೂ ನಂಬಿರಲಿಲ್ಲ.

ಆಗ ನಾನು ಇರ್ಮಾರಲ್ಲಿ ಗಾಯಕ್ಕೆ ಹಚ್ಚುವ ಪೆರಾಕ್ಸೈಡು, ಒಂದು ಖಾಲಿ ಸೋಡಾ ಬಾಟಲಿ, ಕಪ್ಪು ಪುಡಿಯ ಬದಲಿಗೆ ಬ್ರೆಡ್ಡಿಗೆ ಹಾಕುವ ಯೀಸ್ಟು ಕೇಳಿದೆ. ಅವಳ ಕಣ್ಣಿಗೆ ಮದ್ದು ಹಾಕುವಾಗ ತೊಡುವ ತೆಳು ಕೈಗವಸುಗಳ ಡಬ್ಬಿ ಕಿಟಕಿಯಲ್ಲಿತ್ತು, ಅದರಿಂದ ಒಂದು ತೆಗೆದುಕೊಂಡೆ. "ಜನೆಲ್, ಸೋಮವಾರದ ಪಾಠ ಬಾಕಿ ಇದೆ" ಅಂದೆ. ಪೆರಾಕ್ಸೈಡಿಗೆ ಚಿಟಿಕೆ ಯೀಸ್ಟು ಹಾಕಿ ಬಾಟಲಿಯ ಬಾಯಿಗೆ ಕೈಗವಸು ಬಿಗಿದೆ. ಅವಳ ಒಂದು ಕೈಯನ್ನು ಬಾಟಲಿಯ ಮೈಗೆ, ಇನ್ನೊಂದನ್ನು ಮೇಲೆ ಗಾಳಿಯಲ್ಲಿ ಇರಿಸಿದೆ.

"ಬೆಚ್ಚಗಾಗ್ತಿದೆ" ಅಂದಳು. ಆಮೇಲೆ ಕೈಗವಸಿನ ಬೆರಳುಗಳು ಒಂದೊಂದಾಗಿ ಎದ್ದು ಅವಳ ಅಂಗೈಗೆ ತಾಗಿದವು. ಬೆಚ್ಚಿಬಿದ್ದಳು, ಕೈ ತೆಗೆಯಲಿಲ್ಲ.

"ಯಾರೂ ಅಲ್ಲಾಡಿಸ್ತಿಲ್ವಾ?"

"ಇಲ್ಲ."

"ಅಪ್ಪಾ, ನಿಜವಾ?"

"ಯಾರೂ ಮುಟ್ಟಿಲ್ಲ ಮಗಾ" ಅಂದರು ಆರ್ವೋ. ಅವತ್ತು ಅವರಾಡಿದ ಮೊದಲ ಮಾತು ಅದು.

"ಯೀಸ್ಟ್ ಎಷ್ಟು ಹಾಕಿದ್ರಿ?"

"ಚಿಟಿಕೆ."

"ಅದು ಖರ್ಚಾಗಲ್ಲ."

"ಖರ್ಚಾಗಲ್ಲ. ಪೆರಾಕ್ಸೈಡ್ ಇರೋ ತನಕ ಕೆಲಸ ಮಾಡ್ತಾನೇ ಇರುತ್ತೆ."

"ಶನಿವಾರ. ಭಾನುವಾರ" ಅಂದಳು, ತನಗೆ ತಾನೇ. "ಕೈಗವಸಿನ ಬದಲು ಬಿಗಿ ಮುಚ್ಚಳ. ಆಕ್ಸಿಜನ್‌ಗೆ ಹೊರಗೆ ಹೋಗೋಕೆ ಜಾಗ ಇಲ್ಲ." ಕ್ಲಾಸಿನಲ್ಲಿ ಕೊನೆಯ ಹೆಜ್ಜೆ ಹೊಳೆದಾಗ ಹೀಗೆಯೇ ಅವಳ ತುಟಿ ಅಲುಗುತ್ತಿತ್ತು. "ಹಾಗಾದ್ರೆ ನನ್ನ ಕೈ ಜಾರಲೇ ಇಲ್ಲ."

"ಇಲ್ಲ ಜನೆಲ್."

ಇರ್ಮಾ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ಆರ್ವೋ ಗೋಡೆಯ ಕಡೆ ತಿರುಗಿ ನಿಂತರು. ಜನೆಲ್ ತುಂಬ ಹೊತ್ತು ಆ ಉಬ್ಬಿದ ಕೈಗವಸನ್ನು ಸವರುತ್ತಾ ಕೂತಿದ್ದಳು. ನನ್ನ ಎದೆ ಹಗುರಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಹೊತ್ತಿಗೆ ಹಗುರಾಗಿತ್ತು. ಅವಳಿಗೆ ಅರ್ಥವಾಯಿತು ಎಂಬ ಮೇಷ್ಟರ ಖುಷಿ.

ಆಮೇಲೆ ಅವಳು ಕೇಳಿದಳು: "ಆಸ್ಪತ್ರೆಗೆ ಬಂದಾಗ ನಿಮಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕೈ ಹಿಡ್ಕೊಂಡು ಹೇಳಿದ್ರಿ. ನಾನು ನಿಮಗೆ ಸಾರಿ ಅಂದೆ. ನೀವು ಪರ್ವಾಗಿಲ್ಲ ಅಂದ್ರಿ."

ಅವಳು ಬಾಟಲಿಯಿಂದ ಕೈ ತೆಗೆದು ಲಂಗಕ್ಕೆ ಒರೆಸಿಕೊಂಡಳು. "ಅಮ್ಮಾ, ಇವರನ್ನ ಹೊರಗೆ ಕಳಿಸು" ಅಂದಳು.

ಇರ್ಮಾ ಬಾಗಿಲ ತನಕ ಬಂದರು. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿತು. ಅಂಥ ಅಳುವನ್ನು ನಾನು ಕೇಳಿರಲಿಲ್ಲ, ಸಣ್ಣ ಮಕ್ಕಳು ಉಸಿರು ಕಟ್ಟಿ ಅಳುವ ಹಾಗೆ. "ಫೆಬ್ರವರಿಯಿಂದ ಅವಳು ಒಂದ್ಸಲಾನೂ ಅತ್ತಿರ್ಲಿಲ್ಲ" ಅಂದರು ಇರ್ಮಾ. ನನ್ನ ಮುಖ ನೋಡದೆ ಬಾಗಿಲು ಹಾಕಿದರು.

ಶುಕ್ರವಾರ ಬೆಳಿಗ್ಗೆ ಮಂಡಳಿಯವರ ಮುಂದೆ ಇದನ್ನೇ ಹೇಳಿ ರಾಜೀನಾಮೆ ಕೊಟ್ಟೆ. ಪ್ರಿನ್ಸಿಪಾಲರು ನನಗೆ ತಲೆ ಕೆಟ್ಟಿದೆ ಅಂದರು. ವಿಮೆಯ ವಿಚಾರವನ್ನು ವಕೀಲರು ಮತ್ತೆ ತೆರೆಯುತ್ತಾರಂತೆ. ನೀಮಿಯವರಿಗೆ ಏನಾದರೂ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಜೂನಿನಲ್ಲಿ ಬನ್ನಿ, ಮಿಸ್ ಕೊಸ್ಕೆಲಾ. ಜನೆಲ್ ಹತ್ತಿರ ಹೋಗಿ ಕೂತುಕೊಳ್ಳಿ. ಅವಳಿಗೆ ಕೇಳಲು ಇನ್ನೂ ಪ್ರಶ್ನೆಗಳಿರುತ್ತವೆ, ನನ್ನನ್ನು ಇನ್ನು ಅವಳು ಕೇಳುವುದಿಲ್ಲ. ನನ್ನ ಮನೆಗೆ ಮಾತ್ರ ಬರಬೇಡಿ.

ವಾರನ್ ಝುಪಾನ್